ಫೀನಿಕ್ಸಿನ ಬಿಸಿಲೂ ನೆರೆಮನೆಯ ಮೋಟಾರೂ

ಅಮೆರಿಕೆಗೆ ಹೋಗಿಬಂದವರು ನಯಾಗರದ ಧುಮುಕನ್ನೋ ನ್ಯೂಯಾರ್ಕಿನ ಮುಗಿಲುಮುಟ್ಟುವ ಮನೆಗಳನ್ನೋ ವರ್ಣಿಸಿ ಬರೆಯುವುದು ವಾಡಿಕೆ. ನಮ್ಮ ಸಂಘದ ಈ ಪತ್ರಿಕೆಯಲ್ಲಿಯೇ ಅಂಥ ಬರಹಗಳು ಎಷ್ಟೋ ಬಂದಿವೆ. ಬರೆದವರೆಲ್ಲ ನನಗಿಂತ ಚೆನ್ನಾಗಿಯೇ ಬರೆದಿದ್ದಾರೆ. ನಾನು ಹೇಳಹೊರಟಿರುವುದು ಜಲಪಾತವಿಲ್ಲದ, ಹೊಳೆಯೊಂದಿದ್ದರೂ ಹೊಳೆಯಲ್ಲಿ ನೀರಿಲ್ಲದ ಒಂದು ಊರಿನ ಸಂಗತಿ. ಕಲಬುರ್ಗಿಯಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳಾದ್ದರಿಂದ, ಬಿಸಿಲಿನ ವಿಷಯದಲ್ಲಿ ನಾಲ್ಕು ಮಾತನಾಡುವ ಅಧಿಕಾರ ನನಗುಂಟೆಂದು ಓದುಗರು ಒಪ್ಪುವರೆಂದು ನಂಬಿದ್ದೇನೆ.

ಊರಿನ ಹೆಸರು ಫೀನಿಕ್ಸ್. ಅರಿಜೋನಾ ರಾಜ್ಯದ ರಾಜಧಾನಿ. ನಮ್ಮ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲಿ ಇಲ್ಲಿ ತಿರುಗಿ, ಕೊನೆಗೆ ಆ ಊರಿನಲ್ಲಿ ನೆಲೆಸಿದ್ದಾನೆ. ೨೦೨೩ರ ಏಪ್ರಿಲ್ ತಿಂಗಳಿಂದ ಜುಲೈ ಕೊನೆಯವರೆಗೆ ನಾನೂ ನಮ್ಮವರೂ ಅವನ ಮನೆಯಲ್ಲಿದ್ದೆವು. "ಬ್ಯಾಸಗಿಯೊಳಗ ಬರಬ್ಯಾಡ್ರಿ ಮೌಶಿ, ಇಲ್ಲಿ ಬಿಸಲು ಭಾಳ ಅದ" ಎಂದು ಅವನು ಫೋನಿನಲ್ಲಿ ಹೇಳಿದ್ದ. ನಮ್ಮವರು ನಕ್ಕು, "ಕಲಬುರ್ಗಿ ಮಂದಿಗಿ ಬಿಸಲಿನ ಹೆದರಿಕಿ ಹಾಕ್ತಿಯೇನೊ?" ಎಂದಿದ್ದರು.

ಊರು ಸೊನೋರಾ ಎಂಬ ಮರುಭೂಮಿಯ ನಡುವೆ ಇದೆ. ಮರುಭೂಮಿ ಎಂದೊಡನೆ ಮರಳ ದಿಬ್ಬಗಳನ್ನು ನೆನೆಯಬಾರದು. ಕೆಂಪು, ಕಂದು ಬಣ್ಣದ ಬೋಳು ಗುಡ್ಡಗಳು, ಕುರುಚಲು ಗಿಡಗಳು, ಅವುಗಳ ನಡುವೆ ಕೈಯೆತ್ತಿ ನಿಂತ ಜನರಂತೆ ಕಾಣುವ ಸಗ್ವಾರೊ ಎಂಬ ದೈತ್ಯ ಕಳ್ಳಿ. ಆ ಕಳ್ಳಿಗೆ ಮೊದಲ ಕೈ ಮೂಡಲು ಐವತ್ತು ವರ್ಷವೋ ಎಪ್ಪತ್ತು ವರ್ಷವೋ ಬೇಕಂತೆ. ಅಷ್ಟು ನಿಧಾನದ ಜೀವ ಆ ನೆಲದಲ್ಲಿ ಮತ್ತೊಂದಿಲ್ಲ. ಉಳಿದುದೆಲ್ಲ ಅವಸರದ ಊರು.

ಹೆಸರಿಗೂ ಒಂದು ಕತೆಯಿದೆ. ಹೊಹೊಕಾಮ್ ಎಂಬ ಜನ ಅಲ್ಲಿ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದರು. ಹದಿನೈದನೆಯ ಶತಮಾನದ ಹೊತ್ತಿಗೆ ಅವರು ಆ ನೆಲವನ್ನು ಬಿಟ್ಟು ಚದುರಿಹೋದರು. ಕಾಲುವೆಗಳು ಮಾತ್ರ ಉಳಿದವು. ೧೮೬೭ರಲ್ಲಿ ಜ್ಯಾಕ್ ಸ್ವಿಲಿಂಗ್ ಎಂಬವನು ಕಾಲುವೆಯ ಕಂಪನಿ ಕಟ್ಟಿ, ಆ ಹಳೆಯ ಜಾಡಿನಲ್ಲಿಯೇ ಮತ್ತೆ ನೀರು ಹರಿಸಿದ. ಬೂದಿಯಿಂದ ಎದ್ದುಬರುವ ಹಕ್ಕಿಯ ಹೆಸರನ್ನು ಊರಿಗೆ ಇಟ್ಟದ್ದು ಅದರಿಂದ. ಹಂಪೆಯ ಸುತ್ತ ವಿಜಯನಗರದವರು ತೋಡಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಬಾಳೆ ಭತ್ತ ಬೆಳೆಯುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ಆದರೆ ಊರನ್ನು ಬೆಳೆಸಿದ್ದು ಕಾಲುವೆಯಲ್ಲ, ತಂಪು ಗಾಳಿಯ ಯಂತ್ರ. ೧೯೫೦ರ ಜನಗಣತಿಯಲ್ಲಿ ಫೀನಿಕ್ಸಿನ ಜನಸಂಖ್ಯೆ ೧,೦೬,೮೧೮, ೨೦೨೦ರಲ್ಲಿ ೧೬,೦೮,೧೩೯. ಯಂತ್ರವಿಲ್ಲದಿದ್ದರೆ ಇಷ್ಟು ಜನ ಅಲ್ಲಿಗೆ ಬಂದು ಮನೆ ಕಟ್ಟುತ್ತಿರಲಿಲ್ಲ ಎನ್ನಲು ಪಂಡಿತರ ಸಾಕ್ಷ್ಯ ಬೇಡ. ಜುಲೈ ತಿಂಗಳಲ್ಲಿ ಮಧ್ಯಾಹ್ನ ಅಂಗಳಕ್ಕೆ ಒಮ್ಮೆ ಕಾಲಿಟ್ಟರೆ ಸಾಕು. ನಾವಿದ್ದ ವರ್ಷ ಜೂನ್ ೩೦ರಿಂದ ಜುಲೈ ೩೦ರವರೆಗೆ ಸತತವಾಗಿ ೩೧ ದಿವಸ ಉಷ್ಣಮಾನ ೧೧೦ ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ನಮ್ಮ ಲೆಕ್ಕದಲ್ಲಿ ೪೩ ಡಿಗ್ರಿಗೆ, ಕಡಿಮೆಯಾಗಲಿಲ್ಲ. ಜುಲೈ ೧೯ರಂದು ಬೆಳಗಿನ ಜಾವದ ಅತಿ ಕಡಿಮೆ ಉಷ್ಣಮಾನವೇ ೩೬ ಡಿಗ್ರಿ! ನಮ್ಮ ಕಲಬುರ್ಗಿಯಲ್ಲಿ ಹಗಲು ಎಷ್ಟು ಸುಟ್ಟರೂ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಮಲಗಿದರೆ ಮೂರು ಗಂಟೆಯ ಹೊತ್ತಿಗೆ ಹೊದಿಕೆ ಹುಡುಕುತ್ತೇವೆ. ಅಲ್ಲಿ ಡಾಂಬರಿಗೂ ಸಿಮೆಂಟಿಗೂ ರಾತ್ರಿಯೆಲ್ಲ ಆರುವುದಕ್ಕೆ ಪುರಸೊತ್ತಿಲ್ಲ. ನಮ್ಮವರು ಎರಡನೆಯ ವಾರದಿಂದ ಕಲಬುರ್ಗಿಯ ಹೆಸರನ್ನು ಎತ್ತುವುದನ್ನು ನಿಲ್ಲಿಸಿದರು.

ಇನ್ನೊಂದು ತಮಾಷೆ ಕೇಳಿ. ಅಮೆರಿಕೆಯ ಬಹುಪಾಲು ರಾಜ್ಯಗಳಲ್ಲಿ ಬೇಸಿಗೆ ಬಂತೆಂದರೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನವಾಹೋ ಜನರ ಸೀಮೆಯೊಂದನ್ನು ಬಿಟ್ಟರೆ ಅರಿಜೋನಾದವರು ಗಡಿಯಾರಕ್ಕೆ ಕೈಹಚ್ಚುವುದಿಲ್ಲ. ಸೂರ್ಯ ಇನ್ನೂ ಒಂದು ಗಂಟೆ ಇರಲಿ ಎಂದು ಬೇಡುವವರು ಆ ಊರಿನಲ್ಲಿ ಯಾರಿದ್ದಾರೆ?

ಯಂತ್ರ ಬರುವುದಕ್ಕೆ ಮೊದಲು ಅವರು ಪಟ್ಟ ಪಾಡು ನಮ್ಮ ಹಿರಿಯರದೇ. ಪಡಸಾಲೆಯಲ್ಲಿ ಮಂಚ ಹಾಕಿ, ಒದ್ದೆ ಬಟ್ಟೆ ಇಳಿಬಿಟ್ಟು ಮಲಗುತ್ತಿದ್ದರು. ಆಮೇಲೆ ಒದ್ದೆ ಹುಲ್ಲಿನ ಮೆತ್ತೆಯ ಮೂಲಕ ಗಾಳಿ ಬೀಸುವ ಪೆಟ್ಟಿಗೆಗಳು ಬಂದವು: ನಮ್ಮ ಹೈದರಾಬಾದಿನ ಹಳೆಯ ಬಂಗಲೆಗಳ ಖಸ್ ತಟ್ಟಿಯ ತಮ್ಮಂದಿರು. ಲಾವಂಚದ ಕಂಪು ಮಾತ್ರ ಅವುಗಳಿಗಿಲ್ಲ. ಅದೇ ಉಪಾಯವನ್ನು ಮೋಟಾರಿಗೂ ಹಚ್ಚಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಊರಿನ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಉದ್ದನೆಯ ಡಬ್ಬಿಯಂಥ ತಗಡಿನ ಕೊಳವೆಯೊಂದನ್ನು ತೋರಿಸಿದರು. ಅದರೊಳಗೆ ನೀರು ತುಂಬಿ, ಮೋಟಾರಿನ ಕಿಟಕಿಗೆ ಹೊರಗಡೆಯಿಂದ ಸಿಕ್ಕಿಸಿ ಓಡಿಸಿದರೆ, ಎದುರು ಗಾಳಿ ಒದ್ದೆ ಮೆತ್ತೆಯನ್ನು ಹಾಯ್ದು ಒಳಗೆ ಬರುತ್ತದೆ. ಮೆತ್ತೆ ಒಣಗಿದರೆ ಒಂದು ದಾರ ಎಳೆಯಬೇಕು, ಮತ್ತೆ ತೋಯುತ್ತದೆ. ೧೯೪೦-೫೦ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರುಭೂಮಿ ದಾಟಿ ಹೋಗುವ ಸಂಸಾರಗಳಿಗೆ ಇದೇ ಆಧಾರ. ಕಾರ್ಖಾನೆಯಲ್ಲಿಯೇ ತಂಪು ಯಂತ್ರ ಕೂಡಿಸಿದ ಮೋಟಾರನ್ನು ಪ್ಯಾಕರ್ಡ್ ಕಂಪನಿ ತನ್ನ ೧೯೪೦ರ ಮಾದರಿಗಳಲ್ಲಿ ಮೊದಲು ತಂದಿತ್ತಾದರೂ ಅದು ಸಿರಿವಂತರ ಸೊತ್ತು. ಯಂತ್ರ ಅರ್ಧ ಡಿಕ್ಕಿಯನ್ನೇ ನುಂಗಿತ್ತು. ೧೯೫೪ರಲ್ಲಿ ನ್ಯಾಶ್ ಕಂಪನಿಯವರು ಎಲ್ಲವನ್ನೂ ಮುಂಭಾಗದಲ್ಲಿ ಅಡಕಗೊಳಿಸಿದ ಮೇಲೆ ಅದು ನಡುತರದ ಜನರ ಕಡೆಗೆ ಇಳಿಯತೊಡಗಿತು.

ಇನ್ನು ನೆರೆಮನೆಯ ಯಜಮಾನರ ಸಂಗತಿ. ಹೆಸರು ಬೇಡ. ಎಪ್ಪತ್ತೊಂಬತ್ತು ವರ್ಷದವರು, ಕಾಲುವೆಗಳ ಉಸ್ತುವಾರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಆಕೆಯ ಕಾಯಿಲೆಯ ಕಾಲದಲ್ಲಿ ಇದ್ದ ಎರಡು ಗಾಡಿಗಳಲ್ಲಿ ಹೊಸದನ್ನು ಮಾರಿದರಂತೆ. ಉಳಿದದ್ದು ಆಕೆ ಶಾಲೆಯಲ್ಲಿ ಪಾಠ ಹೇಳಿ ಉಳಿಸಿದ ಹಣದಲ್ಲಿ ಕೊಂಡ ಹಳೆಯ ಗಾಡಿ. ಜರ್ಮನಿಯ ಪೋರ್ಶೆ ಕಂಪನಿಯ ೯೧೧ ಎಂಬ ಜಾತಿ, ೧೯೮೬ರಲ್ಲಿ ತಯಾರಾದದ್ದು, ನೀಲಿ ಬಣ್ಣ. ಮೊದಲ ಸಲ ಕಂಡಾಗ ನನಗೆ ಅದು ಮುಂಗಾರಿನಲ್ಲಿ ಹೊರಡುವ ಕಪ್ಪೆಯಂತೆ ಕಂಡಿತು. ನಮ್ಮವರು ಮಾತ್ರ ಕೈಕಟ್ಟಿಕೊಂಡು ಅದರ ಸುತ್ತ ಎರಡು ಪ್ರದಕ್ಷಿಣೆ ಬಂದರು. ಮೂವತ್ತಾರು ವರ್ಷ ರೈಲ್ವೆಯಲ್ಲಿ ಗಾಡಿಗಳ ತಪಾಸಣೆ ಮಾಡಿದವರು. ಚಕ್ರವಿದ್ದದ್ದು ಯಾವುದೇ ಆಗಲಿ, ಬಗ್ಗಿ ಕೆಳಗೆ ನೋಡದೆ ಬಿಡುವವರಲ್ಲ.

ಹಿಂದಿನ ವರ್ಷ ಆಗಸ್ಟಿನಲ್ಲಿ ಈ ಯಜಮಾನರು ಅದೇ ಗಾಡಿಯಲ್ಲಿ ಸಿಗ್ನಲ್ಲಿನ ಹತ್ತಿರ ನಿಂತಿದ್ದಾಗ ತಲೆ ಸುತ್ತಿ ಸ್ಟಿಯರಿಂಗಿನ ಮೇಲೆ ಬಿದ್ದುಬಿಟ್ಟಿದ್ದರು. ಎರಡು ದಿವಸ ಆಸ್ಪತ್ರೆ. ತಂಪು ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಈ ಗಾಡಿಯಲ್ಲಿ ಕೂಡಬಾರದೆಂದು ವೈದ್ಯರ ಕಟ್ಟಪ್ಪಣೆ. ಡೆನ್ವರಿನಲ್ಲಿರುವ ಮಗ, "ಮಾರಿಬಿಡು ಅಪ್ಪಾ, ಬಂದ ಹಣದಲ್ಲಿ ಒಳ್ಳೆಯ ಜಪಾನಿ ಗಾಡಿ ಕೊಂಡು ತಣ್ಣಗೆ ಓಡಾಡು" ಎಂದು ವರ್ಷದಿಂದ ಹೇಳುತ್ತಿದ್ದಾನೆ. ಕೊಳ್ಳುವವರೂ ಸಿದ್ಧರಿದ್ದರು, ಹಳೆಯ ಪೋರ್ಶೆಗೆ ಈಗ ಒಳ್ಳೆಯ ಬೆಲೆ. ಮಗ ಹೇಳಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಆ ವರ್ಷ ಆ ಒಂದು ಜಿಲ್ಲೆಯಲ್ಲಿ ಬಿಸಿಲಿನಿಂದ ಸತ್ತವರು ೬೪೫ ಮಂದಿ ಎಂದು ಆಮೇಲೆ ಲೆಕ್ಕ ಬಂತು. ಅವರಲ್ಲಿ ಮುದುಕರೂ ಇದ್ದರು. ಆದರೆ ಯಜಮಾನರಿಗೆ ನೂರ ಎಂಬತ್ತು ಕಿಲೋಮೀಟರು ದೂರದ ಟೂಸಾನಿನಲ್ಲಿ, ವೃದ್ಧರ ಮನೆಯೊಂದರಲ್ಲಿ, ಅಕ್ಕ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದರು, ಈ ಗಾಡಿಯಲ್ಲಿಯೇ. ಅಕ್ಕನಿಗೂ ತಮ್ಮನ ಹೆಂಡತಿಯ ಗಾಡಿ ಬಂದರೇನೇ ಹಬ್ಬ. ನಮ್ಮ ಹುಡುಗ ಈ ಕತೆ ಕೇಳಿ, "ಜೂನ್ ಒಳಗ ನಾ ರಿಪೇರಿ ಮಾಡಿ ಕೊಡ್ತೀನಿ" ಎಂದು ಮಾತು ಕೊಟ್ಟು ಕುಳಿತಿದ್ದ. ಮಗ ಇನ್ನೊಂದು ಬೇಸಿಗೆ ಕಾಯಲು ಒಪ್ಪಿದ್ದ, ಅದರಾಚೆ ಇಲ್ಲ.

ಇದರಲ್ಲಿ ಕಷ್ಟವೇನೆಂದು ಕೇಳಬಹುದು. ಅದನ್ನು ತಿಳಿಯಲು ಈ ಗಾಡಿಯ ವಂಶವನ್ನು ಸ್ವಲ್ಪ ಹೇಳಬೇಕು. ಫೆರ್ಡಿನಂಡ್ ಪೋರ್ಶೆ ಎಂಬ ಎಂಜಿನಿಯರು ೧೯೩೦ರ ದಶಕದಲ್ಲಿ ರೂಪಿಸಿದ ಬಡವರ ಮೋಟಾರು, ನಾವೆಲ್ಲ ಸಿನಿಮಾದಲ್ಲಿ ಕಂಡ ಗುಬ್ಬಚ್ಚಿಯಂಥ ಫೋಕ್ಸ್‌ವ್ಯಾಗನ್ ಬೀಟಲ್, ಈ ವಂಶದ ಮೂಲಪುರುಷ. ೨೦೦೩ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ ೨,೧೫,೨೯,೪೬೪ ಗಾಡಿಗಳು ಆಗಿದ್ದವು. ಮಗ ಫೆರಿ ತಮ್ಮ ಹೆಸರಿನ ಗಾಡಿಗಳನ್ನು ಆರಂಭಿಸಿದ. ಮೊಮ್ಮಗ ಫೆರ್ಡಿನಂಡ್ ಅಲೆಕ್ಸಾಂಡರ್ ೯೧೧ರ ಆಕಾರ ಬರೆದ. ೧೯೬೩ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೋರಿಸಿದಾಗ ಅದರ ಹೆಸರು ೯೦೧. ನಡುವೆ ಸೊನ್ನೆಯಿರುವ ಮೂರಂಕಿ ಹೆಸರು ತಮ್ಮದೆಂದು ಫ್ರಾನ್ಸಿನ ಪೂಜೋ ಕಂಪನಿಯವರು ತಕರಾರು ತೆಗೆದದ್ದರಿಂದ ಸೊನ್ನೆ ಹೋಗಿ ಒಂದು ಬಂತು. ತಾತನಿಂದ ಮೊಮ್ಮಗನವರೆಗೆ ಉಳಿದುಕೊಂಡ ಮನೆತನದ ಹಟ ಒಂದು: ಎಂಜಿನ್ನು ಹಿಂದುಗಡೆ, ಅದಕ್ಕೆ ನೀರಿಲ್ಲ, ಗಾಳಿಯೇ ತಂಪು.

"ಇದಕ್ಕ ರೇಡಿಯೇಟರೇ ಇಲ್ಲ ನೋಡ್ರಿ ಮೌಶಿ" ಎಂದು ಹುಡುಗ ಹಿಂದಿನ ಮುಚ್ಚಳ ತೆಗೆದು ತೋರಿಸಿದ. ನಮ್ಮ ಬಜಾಜ್ ಸ್ಕೂಟರಿನಲ್ಲಿ ಇಂಜಿನ್ನಿನ ಪಕ್ಕದ ಪಂಖ ಗಾಳಿ ಊದುತ್ತಿತ್ತಲ್ಲ, ಅದೇ ಉಪಾಯ ಇಲ್ಲಿ ಆರು ಸಿಲಿಂಡರಿನ ದೊಡ್ಡಪ್ಪನಾಗಿ ಕುಳಿತಿದೆ. ಗಾಳಿಯ ಜೊತೆಗೆ ಎಣ್ಣೆಯೂ ಶಾಖವನ್ನು ಹೊತ್ತು ಮುಂದಿನ ಚಕ್ರದ ಬಳಿಯ ಒಂದು ಸುರುಳಿಗೆ ಒಯ್ಯುತ್ತದೆ. ಗಾಳಿ ಹೆಪ್ಪುಗಟ್ಟುವುದಿಲ್ಲ, ಕುದಿದು ಉಕ್ಕುವುದಿಲ್ಲ. ಆದ್ದರಿಂದ ಹಿಮದ ನಾಡಿಗೂ ಮರುಭೂಮಿಗೂ ಒಳ್ಳೆಯದೇ. ಕುದಿಯುವವರು ಒಳಗೆ ಕುಳಿತವರು ಮಾತ್ರ. ಜರ್ಮನಿಯಲ್ಲಿ ಅದರ ಚಿಂತೆ ಯಾರಿಗೂ ಇರಲಿಲ್ಲ. ಬೀಟಲಿಗೆ ತಂಪು ಯಂತ್ರವನ್ನು ಅಮೆರಿಕೆಯ ದಕ್ಷಿಣದ ರಾಜ್ಯಗಳಲ್ಲಿ ಮಾರುವವರೇ ತಂದು ಜೋಡಿಸುತ್ತಿದ್ದರು. ೯೧೧ಕ್ಕೆ ಕಂಪನಿಯೇ ಜೋಡಿಸಿತಾದರೂ ಮೊದಲು ಗಾಡಿ ಹುಟ್ಟಿ, ಆಮೇಲೆ ಯಂತ್ರಕ್ಕೆ ಮೂಲೆಗಳನ್ನು ಹುಡುಕಿದ್ದು ನೋಡಿದೊಡನೆ ತಿಳಿಯುತ್ತದೆ.

ತಂಪು ಯಂತ್ರದ ಗುಟ್ಟು ನಮ್ಮ ಮಣ್ಣಿನ ಹೂಜಿಯ ಗುಟ್ಟೇ. ಹೂಜಿಯ ಮೈಮೇಲಿನ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಹೂಜಿಯ ಆವಿ ಆಕಾಶಕ್ಕೆ ಹೋಯಿತು, ಮುಗಿಯಿತು. ಯಂತ್ರದಲ್ಲಿ ಹಾಗೆ ಬಿಡುವಂತಿಲ್ಲ. ಸೊನ್ನೆಗಿಂತ ಎಷ್ಟೋ ಕೆಳಗೆ ಕುದಿಯುವ ಒಂದು ದ್ರವವನ್ನು ಕೊಳವೆಯೊಳಗೆ ಕೂಡಿಹಾಕಿ, ಗಾಡಿಯ ಒಳಗಾಳಿ ತಾಕುವ ಸುರುಳಿಯಲ್ಲಿ ಕುದಿಸುತ್ತಾರೆ, ಗಾಳಿ ತಣ್ಣಗಾಗುತ್ತದೆ. ಆ ಆವಿಯನ್ನು ಕಂಪ್ರೆಸರು ಎಳೆದುಕೊಂಡು ಒತ್ತಿ ಕಾಯಿಸುತ್ತದೆ. ಕಾದ ಆವಿ ಕಂಡೆನ್ಸರು ಎಂಬ ಜಾಲರಿಯಲ್ಲಿ ಶಾಖವನ್ನು ಹೊರಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಶಾಖ ಬಿಸಿಯಿಂದ ತಂಪಿನ ಕಡೆಗೆ ಮಾತ್ರ ಹರಿಯುವುದರಿಂದ, ಹೊರಗೆ ೪೫ ಡಿಗ್ರಿ ಇದ್ದರೆ ಜಾಲರಿಯೊಳಗಿನ ಆವಿ ಅದಕ್ಕಿಂತ ಬಹಳ ಬಿಸಿಯಿರಲೇಬೇಕು. ಎಲ್ಲ ಗಾಡಿಗಳಲ್ಲಿ ಜಾಲರಿ ಮೂಗಿನ ತುದಿಯಲ್ಲಿ ಎದುರು ಗಾಳಿಗೆ ಇರುತ್ತದೆ. ಈ ಗಾಡಿಯಲ್ಲಿ? ದೊಡ್ಡ ಜಾಲರಿ ಎಂಜಿನ್ನಿನ ಮುಚ್ಚಳದ ಕೆಳಗೇ, ಎಂಜಿನ್ನಿನ ನೆತ್ತಿಯ ಮೇಲೆ! ಗಾಡಿ ಓಡುವಾಗ ಎಂಜಿನ್ನಿನ ಪಂಖ ಅದರ ಮೂಲಕ ಗಾಳಿ ಎಳೆಯುತ್ತದೆ, ಪರವಾಯಿಲ್ಲ. ಸಿಗ್ನಲ್ಲಿನಲ್ಲಿ ನಿಂತಿತೋ, ಒಲೆಯ ಮೇಲೆ ಒದ್ದೆ ಬಟ್ಟೆ ಆರಿಸಿದಂತೆ. ಅಲ್ಲಿಂದ ಕೊಳವೆ ಗಾಡಿಯ ಉದ್ದಕ್ಕೂ ಮುಂದೆ ಸಾಗಿ, ಮುಂದಿನ ಚಿಕ್ಕ ಜಾಲರಿ, ತೇವ ಹೀರುವ ಡಬ್ಬಿ, ತಂಪು ಸುರುಳಿ ಎಲ್ಲವನ್ನೂ ಮುಗಿಸಿ ಮತ್ತೆ ಹಿಂದಕ್ಕೆ ಬರಬೇಕು. ಅಡಿಗೆಮನೆ ಹಿತ್ತಲಲ್ಲಿ, ಪಂಕ್ತಿ ಪಡಸಾಲೆಯಲ್ಲಿ, ನೀರಿನ ಹಂಡೆ ಬೀದಿಬಾಗಿಲಲ್ಲಿ ಇಟ್ಟ ಮನೆಯಂತೆ.

ಆ ಉದ್ದನೆಯ ರಬ್ಬರು ಕೊಳವೆಗಳೇ ರೋಗದ ಬೇರು. ಹಳೆಯ ಕಾಲದ ರಬ್ಬರಿನ ಮೈಯಿಂದಲೇ ಅನಿಲ ಮೆಲ್ಲಗೆ ಸೋಸಿಹೋಗುತ್ತದೆ. ಹಿಂದೆ ಯಾವುದೋ ಕಾರ್ಖಾನೆಯವರು ಹಳೆಯ ಕೊಳವೆಗಳಿಗೇ ಹೊಸ ಅನಿಲ ತುಂಬಿ ಕಳಿಸಿದ್ದರಂತೆ. ಅದು ಒಂದು ತಿಂಗಳು ಬಂತು. ಹೊಸ ಅನಿಲದ ಕಣ ಹಳೆಯದಕ್ಕಿಂತ ಸಣ್ಣದು, ಬೇಗ ನುಸುಳುತ್ತದೆ. ಅಲ್ಲದೆ ಹಳೆಯ ಅನಿಲದ ಜೊತೆಗೆ ಸುತ್ತುತ್ತಿದ್ದ ಖನಿಜ ಎಣ್ಣೆ ಹೊಸದರಲ್ಲಿ ಬೆರೆಯದು. ಬೆರೆಯದಿದ್ದರೆ ಎಣ್ಣೆ ಕಂಪ್ರೆಸರಿಗೆ ಮರಳದು. ಮರಳದಿದ್ದರೆ ಅದು ಒಣಗಂಟಲಿನಲ್ಲಿ ಕಿರಿಚಿ ಸಾಯುತ್ತದೆ.

ಅನಿಲದ ವಿಷಯದಲ್ಲಿ ಗ್ಯಾರೇಜಿನಲ್ಲಿ ಒಂದು ಸಂಜೆ ದೊಡ್ಡ ಚರ್ಚೆಯೇ ನಡೆಯಿತು. ಯಜಮಾನರು ಕಪಾಟಿನಿಂದ ಮೂರು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಆರ್-೧೨: ಹಳೆಯ ಫ್ರಿಯಾನ್. ಹೆಂಡತಿ ಮುಂದಾಲೋಚನೆಯಿಂದ ತೊಂಬತ್ತರ ದಶಕದ ಆರಂಭದಲ್ಲಿ ಕೊಂಡಿಟ್ಟದ್ದು. ಈಗ ಅದು ಚಿನ್ನದ ಹಾಗೆ. ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆಯದವರು ಕೊಳ್ಳುವಂತೆಯೂ ಇಲ್ಲ. ಗಾಡಿ ಹುಟ್ಟಿದ್ದೇ ಈ ಅನಿಲಕ್ಕೆ, ಇದನ್ನೇ ತುಂಬಿದರೆ ಯಾವುದನ್ನೂ ಬದಲಿಸಬೇಕಾಗಿಲ್ಲ, ಗಾಡಿಯ ಅಸಲಿತನವೂ ಉಳಿಯುತ್ತದೆ ಎಂಬುದು ಅವರ ವಾದ. ನಮ್ಮವರೂ ತಲೆಯಾಡಿಸಿದರು.

ಆರ್-೧೨ರ ಕತೆ ಒಂದು ಪುರಾಣ. ೧೯೨೮ರಲ್ಲಿ ಥಾಮಸ್ ಮಿಜ್ಲಿ ಮತ್ತು ಅವನ ಸಂಗಡಿಗರು ಅಮೆರಿಕೆಯಲ್ಲಿ ಈ ಜಾತಿಯ ಅನಿಲಗಳನ್ನು ಕಂಡುಹಿಡಿದಾಗ ಅದು ವರವೇ ಆಗಿತ್ತು; ಅಲ್ಲಿಯವರೆಗೆ ಶೀತಕಪೆಟ್ಟಿಗೆಗಳಲ್ಲಿ ಇರುತ್ತಿದ್ದವು ಅಮೋನಿಯಾ, ಗಂಧಕದ ಅನಿಲ ಮೊದಲಾದವು, ಸೋರಿದರೆ ಪ್ರಾಣಕ್ಕೆ ಸಂಚಕಾರ. ಇದಕ್ಕೆ ವಾಸನೆಯಿಲ್ಲ, ಬೆಂಕಿಯಿಲ್ಲ, ವಿಷವಿಲ್ಲ. ೧೯೭೪ರಲ್ಲಿ ಮೊಲೀನಾ, ರೋಲಂಡ್ ಎಂಬ ಇಬ್ಬರು ವಿಜ್ಞಾನಿಗಳು, ಈ ಸಾಧು ಅನಿಲ ಮೇಲಕ್ಕೇರಿ ಓಜೋನ್ ಪದರವನ್ನು ತಿನ್ನುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ೧೯೮೫ರಲ್ಲಿ ದಕ್ಷಿಣ ಧ್ರುವದ ಮೇಲೆ ಆ ಪದರ ತೆಳುವಾಗಿರುವುದು ಅಳತೆಗೇ ಸಿಕ್ಕಿತು. ೧೯೮೭ರ ಸೆಪ್ಟೆಂಬರ್ ೧೬ರಂದು ಮಾಂಟ್ರಿಯಲ್ಲಿನಲ್ಲಿ ಒಪ್ಪಂದ. ೧೯೯೫ರ ಕೊನೆಗೆ ಅಮೆರಿಕೆಯಲ್ಲಿ ತಯಾರಿಕೆ ಬಂದ್. ನಮ್ಮ ದೇಶವೂ ೨೦೧೦ರ ಹೊತ್ತಿಗೆ ಬಿಟ್ಟಿತು. ದೇಶದೇಶಗಳು ಕೂಡಿ ಕೊಟ್ಟ ಮಾತನ್ನು ಇಷ್ಟರಮಟ್ಟಿಗೆ ಉಳಿಸಿಕೊಂಡದ್ದು ಅಪರೂಪವೇ.

"ಡಬ್ಬ್ಯಾಗ ಇದ್ದದ್ದು ಆಗಲೇ ತಯಾರಾಗಿ ಕುಂತದ. ಅದನ್ನ ಹಾಕಿದರ ಹೊಸ ಪಾಪ ಏನು?" ಎಂದು ನಮ್ಮವರು ಕೇಳಿದರು.

"ಡಬ್ಬ್ಯಾಗ ಇರೋತನಾ ಪಾಪ ಇಲ್ಲ ಕಾಕಾ" ಎಂದ ಹುಡುಗ. "ಈ ಕೊಳವಿಗೆ ಹಾಕಿದರ ಒಂದು ಬ್ಯಾಸಗಿಯೊಳಗ ಎಲ್ಲಾ ಮ್ಯಾಲ ಹೋಗ್ತದ. ಮುಂದಿನ ವರ್ಷ ಇವರು ಯಾವ ಡಬ್ಬಿ ತರ್ತಾರ?"

ಅದನ್ನೇ ಅವನು ಇಂಗ್ಲಿಷಿನಲ್ಲಿ ಯಜಮಾನರಿಗೆ ಹೇಳಿದ. ಅವರು ಬಹಳ ಹೊತ್ತು ಡಬ್ಬಿಗಳ ಮೇಲೆ ಹೆಂಡತಿ ಸೀಸದ ಕಡ್ಡಿಯಲ್ಲಿ ಬರೆದಿದ್ದ ತಾರೀಖನ್ನು ನೋಡುತ್ತ ಕುಳಿತರು. ಮರುವಾರ ತಾವೇ ಹೋಗಿ ಹಳೆಯ ಅನಿಲವನ್ನು ಶುದ್ಧಮಾಡಿ ಇಡುವವರಿಗೆ ಕೊಟ್ಟುಬಂದರು. ಬಂದ ಹಣ ಹೊಸ ಕೊಳವೆಗಳಿಗಾಯಿತು. ಹೊಸ ಅನಿಲ ಆರ್-೧೩೪ಎ ಕೂಡ ಪತಿವ್ರತೆಯಲ್ಲ. ಓಜೋನಿಗೆ ಕೇಡಿಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲಾಮ್ಲದ ೧,೪೦೦ ಪಟ್ಟಿಗೂ ಮೇಲೆ. ಅದನ್ನು ಕಡಿಮೆ ಮಾಡಲೆಂದೇ ೨೦೧೬ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದವಾಗಿದೆ. ಆದ್ದರಿಂದ ತುಂಬಿದ್ದು ಸೋರಬಾರದು ಎಂಬುದೇ ಹುಡುಗನ ಜಪವಾಯಿತು.

ಕೆಲಸದ ವಿವರವನ್ನೆಲ್ಲ ಬರೆದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಒಂದು ಷರತ್ತು ಮಾತ್ರ ಹೇಳುತ್ತೇನೆ: ಗಾಡಿಯ ತಗಡಿಗೆ ಒಂದು ಹೊಸ ತೂತೂ ಬೀಳಬಾರದು, ತೆಗೆದ ಹಳೆಯ ಭಾಗ ಒಂದೂ ಎಸೆಯಬಾರದು. ಕಂಪ್ರೆಸರು ಗಟ್ಟಿಯಾಗಿತ್ತು, ತೊಳೆದು, ಹೊಸ ಎಣ್ಣೆ ಹಾಕಿ, ಅದನ್ನೇ ಇಟ್ಟರು. ಒಳಗೆ ಪದರವಿರುವ ಹೊಸ ಕೊಳವೆ, ಹೊಸ ತೇವದ ಡಬ್ಬಿ, ಹಸಿರು ರಬ್ಬರಿನ ಬಳೆಗಳು. ಎಂಜಿನ್ನಿನ ಮೇಲಿನ ಹಳೆಯ ಜಾಲರಿಯ ಬದಲು, ಸಣ್ಣ ಸಣ್ಣ ನಾಳಗಳು ಸಾಲಾಗಿ ಇರುವ ಈಗಿನ ಮಾದರಿ; ಅದೇ ಅಳತೆಯಲ್ಲಿ ಎಷ್ಟೋ ಹೆಚ್ಚು ಶಾಖ ಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಡಗಡೆಯ ಹಿಂದಿನ ಚಕ್ರದ ಗೂಡಿನಲ್ಲಿ, ಎಂಜಿನ್ನಿನ ಬಿಸಿ ತಾಕದ ಕಡೆ, ತನ್ನದೇ ಪಂಖವಿರುವ ಇನ್ನೊಂದು ಜಾಲರಿ. ಗಾಡಿ ನಿಂತಾಗ ಕೈಹಿಡಿಯಬೇಕಾದದ್ದು ಇದೇ.

ಮುಂದಿನ ತಂಪು ಸುರುಳಿಯನ್ನು ಬಿಚ್ಚಿದಾಗ ಅದರ ಹಲ್ಲುಗಳ ನಡುವೆ ದೂಳೂ ಕೂದಲೂ ಕಂಬಳಿಯಂತೆ ಕಟ್ಟಿತ್ತು. ಈ ಯಂತ್ರ ಗಾಡಿಯ ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಣ್ಣಗೆ ಮಾಡುವುದರಿಂದ ಒಳಗಿದ್ದ ಕಸವೆಲ್ಲ ಅಲ್ಲಿಗೇ ಬರಬೇಕು. ಕೂದಲು ಕೆಂಚಗೆ, ಉದ್ದಕ್ಕೆ ಇತ್ತು. ಯಜಮಾನರು ನೋಡಿ, ಅದು ಹೆಂಡತಿಯ ನಾಯಿಯದೆಂದರು. ಸತ್ತು ಹನ್ನೆರಡು ವರ್ಷವಾದ ನಾಯಿ. ಯಾರೂ ಮಾತನಾಡಲಿಲ್ಲ. ಅವರು ಒಂದು ಎಳೆಯಷ್ಟನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಮಿಕ್ಕದ್ದನ್ನು ತಾವೇ ಕುಂಚದಿಂದ ತೊಳೆದರು.

ಎಲ್ಲ ಜೋಡಿಸಿದ ಮೇಲೆ ಸಾರಜನಕ ತುಂಬಿ ಒತ್ತಡ ನೋಡಿದರೆ ಮುಳ್ಳು ಇಳಿಯುತ್ತಿದೆ! ಹುಡುಗನ ಮೋರೆಯೂ ಇಳಿಯಿತು. ಜೂನ್ ಮೂರನೆಯ ವಾರ; ಗ್ಯಾರೇಜು ಕುಲುಮೆಯಾಗಿತ್ತು. ಇಲ್ಲಿ ನಮ್ಮವರ ವಿದ್ಯೆ ಕೆಲಸಕ್ಕೆ ಬಂತು. ಹಿಂದೆ ನಮ್ಮ ರೈಲುಗಳಿಗೆ ವ್ಯಾಕ್ಯೂಮ್ ಬ್ರೇಕು ಇದ್ದ ಕಾಲದಲ್ಲಿ ಎಂಜಿನ್ನಿನ ಬಳಿ ೫೩ ಸೆಂಟಿಮೀಟರು ನಿರ್ವಾತ ನಿಲ್ಲದಿದ್ದರೆ ಗಾಡಿ ಬಿಡುವಂತಿರಲಿಲ್ಲ. ಇಪ್ಪತ್ತು ಡಬ್ಬಿಗಳ ಕೊಳವೆಗಳಲ್ಲಿ ಎಲ್ಲಿ ಗಾಳಿ ಕುಡಿಯುತ್ತಿದೆ ಎಂದು ಕಿವಿಯಿಂದ, ಕೈಯಿಂದ ಹುಡುಕುವುದೇ ಅವರ ಅರ್ಧ ಆಯುಷ್ಯ. ಸಾಬೂನಿನ ನೊರೆ ಮಾಡಿಕೊಂಡು, ಒಂದೊಂದು ಸಂದಿಗೂ ಕುಂಚದಿಂದ ಹಚ್ಚುತ್ತ, ಕನ್ನಡಕ ಏರಿಸಿ ಇಳಿಸಿ, ಮುಂದಿನ ಚಕ್ರದ ಹಿಂದೆ ಬಂದಾಗ, "ಇಲ್ಲಿ ಉಸುರಾಡ್ಲಿಕ್ಕತ್ತದ ನೋಡೊ" ಎಂದರು. ಒಂದು ಬಳೆ ಮಡಿಚಿಕೊಂಡಿತ್ತು. ಹೊಸದು ಹಾಕಿದರು. ಆಮೇಲೆ ಪಂಪಿನಿಂದ ಕೊಳವೆಗಳ ಗಾಳಿಯನ್ನೂ ತೇವವನ್ನೂ ಎಳೆದು, ಮುಚ್ಚಿ, ರಾತ್ರಿಯಿಡೀ ಬಿಟ್ಟರು. ನಮ್ಮವರು ಮೂರು ಸಲ ಎದ್ದು ಟಾರ್ಚು ಹಿಡಿದು ಹೋಗಿ ನೋಡಿಬಂದರೆಂದು ನನಗೆ ಗೊತ್ತು. ಬೆಳಗಿಗೆ ಮುಳ್ಳು ಇಟ್ಟಲ್ಲೇ ಇತ್ತು.

ಡೆನ್ವರಿನ ಮಗ ಜುಲೈ ಮೊದಲ ವಾರ ಬಂದ. ಸಭ್ಯ ಮನುಷ್ಯ, ಕೊಳ್ಳುವವನ ಪತ್ರ ಜೇಬಿನಲ್ಲಿತ್ತು. ಎರಡನೆಯ ಶನಿವಾರ ಟೂಸಾನಿಗೆ ಪರೀಕ್ಷೆಯ ಪ್ರಯಾಣವೆಂದು ಗೊತ್ತಾಯಿತು. ನೀಲಿ ಗಾಡಿಯಲ್ಲಿ ಯಜಮಾನರು, ಪಕ್ಕದಲ್ಲಿ ಉಷ್ಣಮಾಪಕ ಹಿಡಿದ ನಮ್ಮ ಹುಡುಗ. ಹಿಂದಿನಿಂದ ಹುಡುಗನ ಗಾಡಿಯಲ್ಲಿ ಆ ಮಗ, ನಮ್ಮವರು, ನಾನು. ಮಧ್ಯಾಹ್ನದ ಹೊತ್ತೇ ಬೇಕೆಂದು ಮಗ ಹಟ ಹಿಡಿದ, ಅದು ಸರಿಯೇ. ಹೊರಗೆ ೪೫ರ ಸುಮಾರು.

ದಾರಿ ಚೆಲುವಾದದ್ದೆಂದು ಹೇಳಲಾರೆ. ಊರು ಮುಗಿದ ಮೇಲೆ ಗೀಲಾ ನದಿಯ ಬತ್ತಿದ ಪಾತ್ರ, ಹತ್ತಿ ಹೊಲಗಳು, ದೂಳಿನ ಬಿರುಗಾಳಿಯ ಎಚ್ಚರಿಕೆಯ ಫಲಕಗಳು. ಅಲ್ಲಿಯೂ ಮಾನ್ಸೂನ್ ಎಂಬ ಮಾತೇ ಇದೆ. ಜೂನ್ ನಡುವಿನಿಂದ ಸೆಪ್ಟೆಂಬರಿನವರೆಗೆ ಅದರ ಕಾಲ. ಆದರೆ ಮಳೆಗಿಂತ ಮೊದಲು ದೂಳಿನ ಗೋಡೆ ಎದ್ದುಬರುತ್ತದೆ. ಪಿಕಾಚೊ ಎಂಬ ಚೂಪು ಬೆಟ್ಟವೊಂದು ಎಷ್ಟೋ ಮೈಲಿಯಿಂದ ಕಾಣುತ್ತದೆ. ಬೆಟ್ಟ ಇನ್ನೂ ದೂರವಿರುವಾಗಲೇ ಎದುರಿನ ಗಾಡಿಗಳೆಲ್ಲ ನಿಂತವು. ಮುಂದೆ ಎಲ್ಲೋ ಅಪಘಾತವಾಗಿತ್ತು. ಡಾಂಬರಿನ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಮಗ ತಂದೆಯ ಗಾಡಿಯ ಹಿಂಗಾಜನ್ನೇ ನೋಡುತ್ತ, ಐದು ನಿಮಿಷಕ್ಕೊಮ್ಮೆ ಫೋನು ಮಾಡಿದ. ಓಡುವಾಗ ೯ ಡಿಗ್ರಿಯಲ್ಲಿ ಬರುತ್ತಿದ್ದ ಗಾಳಿ, ನಿಂತು ಹತ್ತು ನಿಮಿಷಕ್ಕೆ ೧೪, ಹದಿನೈದಕ್ಕೆ ೧೭. ಎಣ್ಣೆಯ ಮುಳ್ಳು ಮೇಲೆ ಹತ್ತುತ್ತಿದೆ, ಕೆಂಪು ಮುಟ್ಟಿಲ್ಲ. ಇಪ್ಪತ್ತು ನಿಮಿಷಕ್ಕೆ ೧೮, ಅಲ್ಲೇ ನಿಂತಿತು. "ಅಪ್ಪ ಏನು ಮಾಡುತ್ತಿದ್ದಾರೆ?" ಎಂದು ಮಗ ಕೇಳಿದ. ಕಾಲುವೆ ತೋಡಿದವರ ಕತೆ ಹೇಳುತ್ತಿದ್ದಾರೆ ಎಂದು ಹುಡುಗನ ಉತ್ತರ ಬಂತು. ಇಪ್ಪತ್ತಾರನೆಯ ನಿಮಿಷಕ್ಕೆ ಸಾಲು ಕದಲಿತು. ನಮ್ಮವರು ದೊಡ್ಡದಾಗಿ ಉಸಿರು ಬಿಟ್ಟರು. ಆ ಎಡಗಡೆಯ ಪಂಖದ ತಂತಿಯನ್ನು ಬಿಗಿದವರು ಅವರೇ.

ಟೂಸಾನಿನಲ್ಲಿ ಅಕ್ಕ ಬಾಗಿಲಲ್ಲಿಯೇ ಗಾಲಿಕುರ್ಚಿಯಲ್ಲಿ ಕಾದಿದ್ದಳು. ಎಂಬತ್ತನಾಲ್ಕು ವರ್ಷ. ಮೊದಲು ತಮ್ಮನನ್ನಲ್ಲ, ಗಾಡಿಯನ್ನು ನೋಡಿದಳು. ಇಬ್ಬರು ಹಿಡಿದು ಕೂಡಿಸಬೇಕಾಯಿತು. ಆ ಗಾಡಿಯಲ್ಲಿ ಕೂಡುವುದೆಂದರೆ ಚಾಪೆಯ ಮೇಲೆ ಕುಳಿತಂತೆ. ತಂಪು ಬರುವ ಕಿಂಡಿಗೆ ಅಂಗೈ ಹಿಡಿದು ಏನೋ ಅಂದಳು, ನನಗೆ ಕೇಳಿಸಲಿಲ್ಲ. ತಮ್ಮ ಅವಳನ್ನು ಊರ ಹೊರಗಿನ ಸಾನ್ ಜೇವಿಯರ್ ಇಗರ್ಜಿಯವರೆಗೆ ಒಂದು ಸುತ್ತು ಕರೆದೊಯ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಕಟ್ಟಿ ಮುಗಿಸಿದ ಬೆಳ್ಳನೆಯ ಕಟ್ಟಡ, ಬಯಲಿನಲ್ಲಿ ಮೊಸರಿನ ಗಡಿಗೆ ಇಟ್ಟಂತೆ ಹೊಳೆಯುತ್ತದೆ; ನಾವೂ ಹಿಂದೆ ಹೋಗಿ ನೋಡಿಬಂದೆವು. ಗೋಡೆಯ ನೆರಳಿನಲ್ಲಿ ನಿಂತಾಗ ಮಗ ನಮ್ಮ ಹುಡುಗನನ್ನು ಖರ್ಚೆಷ್ಟೆಂದು ಕೇಳಿದ. ಭಾಗಗಳಿಗೆ ಎರಡು ಸಾವಿರದ ಏಳುನೂರು ಡಾಲರು, ಹಳೆಯ ಭಾಗಗಳೆಲ್ಲ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿವೆ, ಯಾವತ್ತು ಬೇಕಾದರೂ ಮತ್ತೆ ಜೋಡಿಸಬಹುದು ಎಂದು ಹುಡುಗ ಹೇಳಿದ. ಮಗ ಜೇಬಿನ ಪತ್ರವನ್ನು ಹೊರಗೆ ತೆಗೆಯಲಿಲ್ಲ. "ಮುಂದಿನ ಬೇಸಿಗೆ ಆಗಲಿ, ಅನಿಲ ಎಷ್ಟು ಉಳಿದಿರುತ್ತದೋ ನೋಡೋಣ" ಎಂದನಷ್ಟೆ.

ತಿರುಗಿ ಬರುವಾಗ ಯಜಮಾನರು ಪಕ್ಕದ ಸೀಟಿಗೆ ನನ್ನನ್ನು ಕರೆದರು. ಸೀರೆಯ ಸೆರಗನ್ನು ಸಾವರಿಸಿಕೊಂಡು ಆ ಕಪ್ಪೆಯ ಹೊಟ್ಟೆಯೊಳಗೆ ಇಳಿದೆ. ಹಿಂದುಗಡೆ ಎಂಜಿನ್ನು ಹಿಟ್ಟಿನ ಗಿರಣಿಯಂತೆ ಗುಡುಗುತ್ತಿತ್ತು. ಮಾತು ಕೇಳಿಸಬೇಕಾದರೆ ಕೂಗಬೇಕು. ಅರ್ಧ ದಾರಿಗೆ ನಾನು ಶಾಲು ಕೇಳಿದೆ.

೨೦೨೪ರಲ್ಲಿ ಫೀನಿಕ್ಸಿನಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟಿಗೆ ಕಡಿಮೆಯಾಗದ ದಿವಸಗಳು ಸತತವಾಗಿ ೧೧೩. ಸೆಪ್ಟೆಂಬರಿನಲ್ಲಿ ಹುಡುಗ ಫೋನು ಮಾಡಿದಾಗ ನಮ್ಮವರು ಕುಶಲ ಕೇಳುವ ಮೊದಲೇ ಮುಳ್ಳು ಎಲ್ಲಿದೆ ಎಂದು ಕೇಳಿದರು. ಹೋದ ವರ್ಷದಲ್ಲೇ ಇದೆ ಕಾಕಾ, ಒಂದು ಔನ್ಸೂ ಹಾಕಿಲ್ಲ ಎಂದ. ಯಜಮಾನರು ಟೂಸಾನಿಗೆ ಹೋಗಿದ್ದರಂತೆ, ಮನೆಯಲ್ಲಿರಲಿಲ್ಲ.